ಬರ್ಮುಡಾ, ಕಾಲು ಕಿಲೋ

ಹದಿನೇಳು ವರ್ಷ ನಿಂತೇ ದುಡಿದ ಪಾದ ಇವು.
ಗದಗ–ಹುಬ್ಬಳ್ಳಿ, ಹುಬ್ಬಳ್ಳಿ–ಗದಗ,
ಅಣ್ಣಿಗೇರಿ ದಾಟೂಮುಂದ ಒಂದೀಟು
ಸೀಟಿನ ಕಬ್ಬಿಣಕ್ಕ ಸೊಂಟ ಆನಿಸಿದರ
ಅದೇ ನನ್ನ ಕುರ್ಚಿ, ಅದೇ ಅರಾಮ.

ಹಿಂಗಾಗಿ ಮನಿ ಕಟ್ಟಿಸಿದಾಗ
ಮುಂದ ಹತ್ತು ಬೈ ಹದಿನಾಕು ಬಿಟ್ಟೆ, ಫರಸಿ ಹಾಸಲಿಲ್ಲ.
ಗೌಂಡಿ ಮಾಬುಸಾಬ ಕೇಳಿದ:
'ಬಾಯಾರ, ಗಾಡಿ ನಿಂದ್ರಸಾಕೇನ್ರಿ?'
'ಅಲ್ಲೋ, ಕಾಲು ನಿಂದ್ರಸಾಕ' ಅಂದೆ.

ಶೇಂಗಾ, ಹೆಸರು, ಹತ್ತಿ ಬೀಜ ಮಾರೋ ಅಂಗಡಿಯೊಳಗ
ಹುಲ್ಲಿನ ಬೀಜ ಕೇಳಿದಾಕಿ ನಾನೇ ಮೊದಲಂತ.
ಗುರುಪಾದಪ್ಪ ಸಾವಕಾರ ಮಾಡದಿಂದ ಧೂಳು ಝಾಡಿಸಿ
ಮೂರು ಪಾಕೀಟು ಇಳಿಸಿದ.
ಮೂರರ ಮ್ಯಾಲೂ ಒಂದೇ ಫೋಟೋ:
ಕಂಪೌಂಡಿಲ್ಲದ ಮನಿ, ಬಿಳೇ ನಾಯಿ,
ಯಾರೂ ಒಗ್ಯಾಣ ಒಣಗಿಸದ ಅಂಗಳ.

'ಇದು ತಂಪು ಸೀಮಿದು, ಮುಟ್ಟಿದರ ಮೊಲದ ಮೈ.
ಸಂಕ್ರಾಂತಿಗೆ ಇರತೈತಿ, ಯುಗಾದಿಗೆ ಇರಾಂಗಿಲ್ಲ.
ಇದು ನೆರಳಿಗೆ.'
ನಮ್ಮ ಲೇಔಟಿನೊಳಗ ನೆರಳಂದರ
ಕರೆಂಟ್ ಕಂಬದ್ದು, ಅದೂ ಗೇಣಗಲ.
'ಇದು ನೋಡ್ರಿ, ಬಿಸಲು ತಡೀತೈತಿ, ತುಳಿತ ತಡೀತೈತಿ. ಬರ್ಮುಡಾ.'
'ನಳ ನಮ್ಮಲ್ಲಿ ಹತ್ತು ದಿನಕ್ಕೊಮ್ಮೆ.'
'ಒಯ್ರಿ. ಸಾಯೂದಂದರ ಏನಂತ ಅದಕ್ಕ ಗೊತ್ತಿಲ್ಲ.'

ಖೋಟಾ ನೋಟು ಹಿಡಿಯೋ ಬೆರಳು ನನ್ನವು.
ನಾಕು ಕಾಳು ತಿಕ್ಕಿ ನೋಡಿದೆ:
ರಾಗಿಗಿಂತ ಸಣ್ಣ, ಊದಿದರ ಹಾರಿ ಹೋದೀತು.
ಕಾಲು ಕಿಲೋಕ್ಕ ನಾಕುನೂರಾ ಎಂಬತ್ತು. ಕೊಟ್ಟೆ.

ನೆಲ ಎರಿ. ಮಳಿಗೆ ಚಪ್ಪಲಿ ನುಂಗತೈತಿ,
ಬಿಸಲಿಗೆ ಕೈ ಹಿಡಿಸುವಷ್ಟು ಬಿರೀತೈತಿ.
ಉಸುಕು ಕೂಡಿಸಿ, ತಿಪ್ಪಿಗೊಬ್ಬರ ಕೂಡಿಸಿ
ಬೀಜ ಚಲ್ಲಿದೆ, ಒಮ್ಮೆ ಉದ್ದಕ, ಒಮ್ಮೆ ಅಡ್ಡಕ.
ಗುಬ್ಬಿ ಬರದಂಗ ಅವ್ವನ ಹಳೇ ಸೀರಿ ಹೊಚ್ಚಿದೆ.

ಐದನೇ ವಾರ ಬಳ್ಳಿ ಹರೀತು,
ಗೆಣ್ಣು ಗೆಣ್ಣಿಗೆ ಬೇರು ಊರಿತು.
ಅವ್ವ ನೋಡಿದಳು. ಕುಂತು ಮತ್ತೊಮ್ಮೆ ನೋಡಿದಳು.
'ಎಷ್ಟು ಕೊಟ್ಟಿ ಇದಕ್ಕ?'
ಹೇಳಿದೆ.
'ಅಯ್ಯ ನನ ಕೂಸ, ಇದು ಕರಕಿ.'

ಕರಕಿ.
ಮೂವತ್ತು ವರ್ಷ ಮಂದಿ ಹೊಲದಾಗ
ಅವ್ವ ಕುರುಪಿ ಹಿಡದು ಕಿತ್ತದ್ದು.
ಗೆಣ್ಣೊಂದು ಉಳಿದರ ಹೊಲಾನ ಉಳಿಯಾಂಗಿಲ್ಲಂತ
ಗೌಡಶ್ಯಾನಿ ಬದುವಿನ ಮ್ಯಾಲೆ ನಿಂತು ಕಾದದ್ದು.
ನನ್ನ ಪಾಟಿ, ನನ್ನ ಪರೀಕ್ಷಾ ಫೀ,
ಬ್ಯಾಡ್ಜಿನ ಅರ್ಜಿಗೆ ಹಚ್ಚಿದ ಫೋಟೋ ಸುದ್ದಾ
ಇದರ ಬೇರಿನಿಂದ ಜಗ್ಗಿ ತಗದದ್ದು.

ಅವ್ವ ನಕ್ಕಳು, ಸೆರಗು ಬಾಯಿಗಿಟ್ಟು ನಕ್ಕಳು.
'ಕೀಳಾಕ ನನಗ ದಿನಕ್ಕ ಹನ್ನೆರಡು ಕೊಟ್ಟರು,
ಹಚ್ಚಾಕ ನೀ...' ಮುಂದ ಅನ್ನಾಕ ಆಗಲಿಲ್ಲ.
ಸಿಟ್ಟಿಲೆ ಅಂದೆ, ತಗದು ಒಗೀತೀನಿ.
'ತಗೀ ನೋಡೂಣು' ಅಂದಳು.

ಆ ಸಂಜಿಕ ಡ್ಯೂಟಿ ಇಳದು, ಚಪ್ಪಲಿ ಬಿಟ್ಟು, ಕಾಲಿಟ್ಟೆ.
ಹಿಮ್ಮಡದ ಬಿರುಕಿನೊಳಗ ಒಂದೊಂದೇ ಎಸಳು
ಮೆಲ್ಲಕ ಹೊಕ್ಕಾಂಗಾತು.
ಅವ್ವ ಅಂಚಿಗೇ ಕುಂತಿದ್ದಳು, ಮ್ಯಾಲೆ ಬರಲಿಲ್ಲ.
ಮಾತಿನ ನಡುವ ಅವಳ ಕೈ ತಾನಾಗೇ ಹೋಗಿ
ಬಳ್ಳಿ ಹಿಡದು, ಬುಡ ಸಡಲಿಸಿ, ಜಗ್ಗಿತು.
ಆಮ್ಯಾಲೆ ಆ ಕೈ ನೋಡಿದಳು,
ಯಾರದೋ ಅನ್ನೂಹಂಗ.

ಮರುದಿನ ಕುರುಪಿಲೆ ಗೆರಿ ಕೊರದಳು:
'ಇಲ್ಲೀತನ ನಿಂದು. ಇಲ್ಲಿಂದ ನಂದು.
ನಾಕು ಸಾಲು ಮೆಂತೆ, ಎರಡು ಪುಂಡಿಪಲ್ಲೆ.'

ಗೆರಿ ದಾಟಿದ್ದು ನಾನೇ ಮೊದಲು ಕಂಡೆ,
ಇವತ್ತ ನಸಿಕಿನ್ಯಾಗ, ಮೊದಲ ಟ್ರಿಪ್ಪಿಗೆ ಹೊಂಟಾಗ:
ಮೆಂತೆ ಸಾಲಿನೊಳಗ ಒಂದು ಕುಡಿ,
ಕಿಡಕಿ ಪಕ್ಕ ಸೀಟು ಸಿಕ್ಕ ಹೆಣ್ಮಗಳಂಗ
ತಲಿ ಎತ್ತಿ ಕುಂತಿತ್ತು.
ಅವ್ವ ಇನ್ನೂ ಎದ್ದಿರಲಿಲ್ಲ.
ಚೀಲದೊಳಗ ನಿನ್ನೆ ಯಾರೋ ಬಿಟ್ಟಿಳಿದ
ಶೂನ್ಯ ಟಿಕೆಟ್ಟೊಂದಿತ್ತು.
ಅದರ ಬುಡಕ್ಕಿಟ್ಟು
ಗೇಟಿನ ಚಿಲಕ ಸಪ್ಪಳಾಗದಂಗ ಹಾಕಿದೆ.